ಮಾಳವ್ವನ ಬಿಸಿ ಕದ್ದವರು

ಒಂದೂರಲ್ಲಿ ಒಬ್ಬ ರಾಕ್ಷಸನಿದ್ದನಂತೆ. ಮಂದಿ ಮೈಮರೆತು ಮಲಗಿದಾಗ ಬಂದು ಅವರ ಮೈಯ ಬಿಸಿ ಕದ್ದೊಯ್ಯುತ್ತಿದ್ದನಂತೆ.

ಅಜ್ಜಿಯ ಆ ಕಥೆ ಡಾಕ್ಟರ್ ದೀಪಿಕಾಗೆ ಇವತ್ತು ಮುಂಜಾನೆ ನೆನಪಾಯಿತು. ಕುಷ್ಟಗಿಯ ಪುಟ್ಟ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಕೊಡುವ ವೈದ್ಯೆ ಅವಳು. ಆಪರೇಷನ್ ಥಿಯೇಟರಿನಲ್ಲಿ ರೋಗಿಯ ಮೈ ಬೆಚ್ಚಗಿಡಲು ಬಿಸಿಗಾಳಿ ಊದುವ ಯಂತ್ರ ಮಾಯವಾಗಿತ್ತು. ಸ್ಟ್ಯಾಂಡು ಖಾಲಿ!

ಒಳಗೆ ಬರಬೇಕಾದವಳು ಮಾಳವ್ವ. ಪಿತ್ತಕೋಶದ ಕಲ್ಲು. ಹಿಂದಿನ ಆಪರೇಷನ್ ಮುಗಿದಾಗ ಹಲ್ಲು ಕಟಕಟಿಸುವಂತೆ ನಡುಗಿದ್ದಳು.

"ಈ ಸಲ ಥಂಡಿ ಹತ್ತಗೊಡೂದಿಲ್ಲಂತ ಮಾತು ಕೊಡು, ಯವ್ವಾ," ಎಂದಿದ್ದಳು ನಿನ್ನೆ. ಬಿಸಿಗಾಳಿ ಯಂತ್ರ ಹಚ್ಚುತ್ತೇನೆಂದು ದೀಪಿಕಾ ಮಾತು ಕೊಟ್ಟಿದ್ದಳು. ಗಂಡ ಹನುಮಂತಪ್ಪ, ಹನುಮಸಾಗರದ ಕಂಬಳಿ ನೇಕಾರ, ಮುಖ ಊದಿಸಿಕೊಂಡು ನಿಂತಿದ್ದ.

"ಯಂತ್ರ ಸಿಗೂತನಕ ಆಪರೇಷನ್ ಇಲ್ಲ," ಎಂದಳು ದೀಪಿಕಾ.

"ಆಯಾ ಫಾತಿಮಾಬೀ ದೊಡ್ಡ ಗಂಟು ಹೊತ್ಕೊಂಡು ಹೋದ್ಳು ಮೇಡಂ," ಎಂದ ನರ್ಸ್ ಕೊಟ್ರೇಶ. "ನಾ ಕಣ್ಣಾರೆ ನೋಡೀನಿ!"

* * *

ಫಾತಿಮಾಬೀ ಸೊಂಟಕ್ಕೆ ಕೈಯಿಟ್ಟಳು. "ನನ್ನ ಮ್ಯಾಲ ಗುಮಾನಿ? ಬಿಚ್ಚಿ ನೋಡ್ರಿ!"

ಗಂಟಿನ ತುಂಬ ಹೆರಿಗೆ ವಾರ್ಡಿನ ಕುಲಾವಿಗಳು. ಒಂದನ್ನು ತೆಗೆದು ಕೊಟ್ರೇಶನ ತಲೆಗೇರಿಸಿದಳು. "ತಗೋ. ಬುದ್ಧಿ ಇನ್ನೂ ಎಳೀದು."

ದೀಪಿಕಾ ನಗುತ್ತಲೇ ಥಿಯೇಟರಿಗೆ ಮರಳಿದಳು. ಸ್ಟ್ಯಾಂಡು ಮುಟ್ಟಿದಳು. ಬೆರಳಿಗೆ ಅಂಟು. ಮೂಸಿದಳು. ಬೇಯಿಸಿದ ಹುಣಸೆಬೀಜ! ಅಂಟಿನಲ್ಲೊಂದು ಕರಿ ಉಣ್ಣೆಯ ಎಳೆ. ಕಥೆ ಕೇಳುತ್ತ ಅಜ್ಜಿಯೊಂದಿಗೆ ಹೊದೆಯುತ್ತಿದ್ದ ಹೊಸ ಕಂಬಳಿಗೂ ಇದೇ ವಾಸನೆಯಿತ್ತು.

* * *

"ಹನುಮಂತಪ್ಪನವರ, ಮಂಚದ ಕೆಳಗಿನ ಕಂಬಳಿ ಸುರುಳಿ ಬಿಚ್ಚರಿ," ಎಂದಳು ದೀಪಿಕಾ, ವಾರ್ಡಿನಲ್ಲಿ ಮಾಳವ್ವನ ಮಂಚದ ಬಳಿ ನಿಂತು.

"ಯಾಕ್ರಿ? ನಿಮಗೂ ಥಂಡಿ ಆಗೈತೇನು?"

ಬಿಚ್ಚಿದರೆ ಒಳಗೆ ಯಂತ್ರ!

"ನೂಲಿಗೆ ಹುಣಸೆಬೀಜದ ಗಂಜಿ ಬಳಿಯೋರು ನೀವು," ಎಂದಳು ದೀಪಿಕಾ. "ಕೈಗೆ ಅದು ಇನ್ನೂ ಮೆತ್ತೈತಿ. ಮುಂಜಾನಿ ಕಂಬಳಿ ತಗೊಂಡು ಥಿಯೇಟರಿಗೆ ಬಂದ್ರಿ. ಕೊಟ್ರೇಶ ಹೊರಗ ಕಳಿಸಿದ್ನಂತ. ಅವ ಅತ್ತ ಹೋದಕೂಡಲೆ ಯಂತ್ರ ಕಂಬಳ್ಯಾಗ ಸುತ್ಕೊಂಡ್ರಿ. ಯಂತ್ರ ಇಲ್ದಿದ್ರ ನಾವು ಏನು ಹೊದಿಸಬೇಕು? ನಿಮ್ಮ ಕಂಬಳೀನ!"

ಹನುಮಂತಪ್ಪ ಕಂಬಳಿಯನ್ನು ಎದೆಗವಚಿಕೊಂಡ. "ಗಾಳಿ ಊದೋ ಡಬ್ಬಿ ನನ್ನ ಹೇಂತಿನ್ನ ಬೆಚ್ಚಗಿಡತೈತಿ, ನಾ ನೇಯ್ದದ್ದು ಇಡಂಗಿಲ್ಲಾ?"

"ಅರಿವಳಿಕೆ ಕೊಟ್ಟಮ್ಯಾಲ ಮೈ ನಡುಗಿ ಬಿಸಿ ಹುಟ್ಟಿಸೋದು ಮರೀತೈತಿ. ಒಳಗಿನ ಬಿಸಿ ಹೊರಗ ಹರೀತೈತಿ. ಕಂಬಳಿ ಇದ್ದ ಬಿಸಿ ಕಾಯತೈತಿ, ಯಂತ್ರ ಹೊಸಾದು ಕೊಡತೈತಿ. ಗಾಯದ ಹತ್ರ ಉಣ್ಣಿ ಎಳಿ ಹಾರಬಾರದು. ಆದ್ರ ಒಳಗ ಹೋಗೂತನಕ ಮೈ ಬೆಚ್ಚಗಿರಬೇಕು, ಹೊರಗ ಬಂದಮ್ಯಾಲೂ. ಆ ಎರಡೂ ಪಾಳಿ ನಿಮ್ಮ ಕಂಬಳೀವು."

ಮಾಳವ್ವನ ಮುಖ ಅರಳಿತ್ತು. "ಕಳ್ಳ! ಮದಿವ್ಯಾದಾಗಿಂದ ಇಷ್ಟು ಪ್ರೀತಿ ತೋರಿಸಿದ್ದಿಲ್ಲ ನೋಡ್ರಿ!"

* * *

ಥಿಯೇಟರ್ ಬಾಗಿಲತನಕ ಕಂಬಳಿ ಹೊದ್ದೇ ಹೋದಳು. ಒಳಗೆ, ಒರೆಸಿ ಶುದ್ಧ ಮಾಡಿದ ಯಂತ್ರ ಹೊಸ ಹೊದಿಕೆಯೊಳಗೆ ಬಿಸಿಗಾಳಿ ತುಂಬಿತು. ಕಲ್ಲು ಹೊರಬಂತು.

ಎಚ್ಚರಾದಾಗ ಕಂಬಳಿ ಮತ್ತೆ ಮೈಮೇಲಿತ್ತು. ಅದರ ಅಂಚು ಹನುಮಂತಪ್ಪನ ಕೈಯಲ್ಲಿತ್ತು. ಹಲ್ಲು ಕಟಕಟಿಸಲಿಲ್ಲ.

"ಮಾಳವ್ವಾ, ಥಂಡಿ?" ದೀಪಿಕಾ ಬಗ್ಗಿದಳು.

ಮಾಳವ್ವ ಒಂದು ಕಣ್ಣು ತೆರೆದಳು.

"ಇವರಿಗೆ ಕಂಬಳಿ ತಗೀರಿ ಅಂತ ಹೇಳವ್ವಾ. ಬೆವರಾಕತ್ತೀನಿ!"