ಗಮ್ ಹಾಕದ ವಿಮಾನ

"ನೋಡಿ, ಮುಟ್ಟಿ, ಬೇಕಾದ್ರೆ ಫೋಟೊ ತಕ್ಕಳಿ. ಜೋಡಿಸ್ಬೇಡಿ," ಎಂದರು ನೂರ್ಜಹಾನ್, ಕೆಂಪು ಡಬ್ಬಿಯನ್ನು ಮುಂದಿಡುತ್ತ. "ಅದನ್ನ ಜೋಡಿಸಿದೋನು ಒಳಗೆ ಹೋಯ್ತಾನೆ. ಒಳಗಿರೋನು ಈಚೆಗೆ ಬತ್ತಾನೆ."

ಅನಂತರಾಜು ನಕ್ಕ. "ಮಾಟ ಪ್ಲಾಸ್ಟಿಕ್ಕಿಗೂ ಅಂಟುತ್ತೇನಮ್ಮ? ಅದಕ್ಕೆ ಬೇರೆ ಗಮ್ಮೇ ಬೇಕು."

ಪಕ್ಕದಲ್ಲಿ ಕೂತಿದ್ದ ಹೆಂಡತಿ ರಮ್ಯಾ ಅವನ ಮೊಣಕೈ ತಿವಿದಳು.

ಆ ವರ್ಷವಷ್ಟೇ ಚನ್ನಪಟ್ಟಣದ ಕಾಲೇಜಿಗೆ ವರ್ಗವಾಗಿ ಬಂದಿದ್ದ ಮೇಷ್ಟ್ರು ಅವನು. ಸ್ಟಾಫ್ ರೂಮಿನಲ್ಲಿ ಪ್ರಿನ್ಸಿಪಾಲರ ಕೆಮ್ಮನ್ನೂ ಬಿಡದೆ ಅಣಕಿಸುವವನು. ಈ ಊರಿಗೆ ಬರುವವರೆಲ್ಲ ಮರದ ಗೊಂಬೆ ಹುಡುಕಿದರೆ ಅವನಿಗೆ ಪ್ಲಾಸ್ಟಿಕ್ಕಿನ ಹುಚ್ಚು: ಬಿಡಿಭಾಗಗಳಾಗಿ ಡಬ್ಬಿಯಲ್ಲಿ ಬರುವ, ಮನೆಯಲ್ಲಿ ಕೂತು ಅಂಟಿಸಿಕೊಳ್ಳಬೇಕಾದ ಹಳೆಯ ವಿಮಾನದ ಕಿಟ್ಟುಗಳು. ಇಂಗ್ಲೆಂಡಿನಲ್ಲಿ ಮಾಡಿದ ಅಚ್ಚು ಮೆಕ್ಸಿಕೊಗೆ ಹೋಗುತ್ತದೆ, ಅಲ್ಲಿಂದ ಇನ್ನೆಲ್ಲಿಗೋ. ವಿಮಾನ ಅದೇ, ಡಬ್ಬಿಯ ಚಿತ್ರ ಬೇರೆ, ಲಿಪಿ ಬೇರೆ. ಒಂದೇ ವಿಮಾನವನ್ನು ನಾಲ್ಕಾರು ದೇಶದ ಡಬ್ಬಿಗಳಲ್ಲಿ ಕೊಂಡು ಸಾಲಾಗಿಟ್ಟಿದ್ದ. "ಒಂದೇ ಸಾರನ್ನ ಬೇರೆ ಬೇರೆ ಪಾತ್ರೇಲಿ ಬಡಿಸ್ದಂಗೆ," ಎಂದು ರಮ್ಯಾ ಹಂಗಿಸುತ್ತಿದ್ದಳು.

ಸಿಗದೇ ಉಳಿದದ್ದು ಆ ಅಚ್ಚಿನ ಭಾರತದ ಆವೃತ್ತಿ, ಕೆಂಪು ಡಬ್ಬಿಯದು. ಅದು ಈ ಗಲ್ಲಿಯಲ್ಲಿತ್ತು, ತೀರಿಹೋದ ಗೊಂಬೆ ಕೆಲಸಗಾರ ಸಮದನ ಮನೆಯಲ್ಲಿ.

ನೂರ್ಜಹಾನ್ ಅವನ ತಾಯಿ. ಈ ಡಬ್ಬಿಗಾಗಿ ಜೀವ ಬಿಡುತ್ತಿದ್ದ ಇನ್ನೊಬ್ಬನಿದ್ದನಂತೆ. ಸಮದ್ ಕೊಡಲೊಲ್ಲೆ ಎಂದ. "ಆಮೇಲೆ ಅವನು ಎಲ್ಲೋ ಹೋಗಿ ಮಾಟ ಮಾಡ್ಸ್ಬುಟ್ಟ ಸಾರ್. ಮುಚ್ಚಳದ ಕಾಗದದ ಕೆಳಗೆ ಕರೀ ದಾರ ಇತ್ತು. ಅದ್ರಲ್ಲಿ ನನ್ನ ಮಗನ ಕೂದ್ಲು. ಇವನು ಜೋಡಿಸ್ತಾ ಕೂತಿದ್ದ. ಟೀ ತಂದು ಭುಜ ಮುಟ್ದೆ. ಮೈ ತಣ್ಣಗಾಗ್ಬುಟ್ಟಿತ್ತು."

ಮಣ್ಣು ಮಾಡಿ ಬಂದ ಮೇಲೆ ಬಿಡಿಭಾಗಗಳನ್ನು ಆಯ್ದಿಡುವಾಗ ಪೈಲಟ್ ಗೊಂಬೆ ಅವರ ಕೈಗೆ ಬಂತು. ಉಗುರಿನಷ್ಟು ಎತ್ತರ. ಎಡಗಿವಿ ಹರಿದಿತ್ತು. ಚಿಕ್ಕಂದಿನಲ್ಲಿ ನಾಯಿ ಕಚ್ಚಿ ಸಮದನ ಕಿವಿಯೂ ಹಾಗೇ ಹರಿದಿತ್ತು.

"ಹಂಗಾದ್ರೆ ಯಾರ ಕೈಲಾದ್ರೂ ಜೋಡಿಸ್ಬಿಡೋದಲ್ವೇನಮ್ಮ? ಮಗ ಬಂದ್ಬಿಡ್ತಾನೆ."

"ಜೋಡಿಸೋನಿಗೂ ಒಬ್ಳು ತಾಯಿ ಇರ್ತಾಳಲ್ಲ ಸಾರ್."

"ಹಾಗಿದ್ಮೇಲೆ ನಂಗ್ಯಾಕೆ ತೋರಿಸಿದ್ರಿ?"

ಅವರು ಡಬ್ಬಿಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದರು. "ನನ್ನ ಮಗನ್ನ ನೋಡೋಕೆ ಯಾರೂ ಬರಲ್ಲ."

ಮಸೀದಿಯಿಂದ ಸಂಜೆಯ ಕರೆ ಕೇಳಿತು. ನೂರ್ಜಹಾನ್ ಒಳಗೆ ನಮಾಜಿಗೆ ಹೋದರು. ಒಲೆಯ ಮೇಲಿನ ಹಾಲು ನೋಡಿಕೊಳ್ಳಲು ರಮ್ಯಾ ಎದ್ದಳು. ಅಷ್ಟರಲ್ಲಿ ಕರೆಂಟು ಹೋಯಿತು.

ಕಿಟಕಿಯಲ್ಲಿ ಉಳಿದಿದ್ದ ಬೂದು ಬೆಳಕಿನಲ್ಲಿ ಅವನು ಮುಚ್ಚಳ ತೆಗೆದ. ಪಕ್ಕದ ಗಲ್ಲಿಯಿಂದ ಬೆಂದ ರೇಷ್ಮೆಗೂಡಿನ ಕಮಟು, ಮೂಲೆಯಿಂದ ಗೊಂಬೆಗೆ ಬಳಿಯುವ ಅರಗಿನ ವಾಸನೆ. ಡಬ್ಬಿಯೊಳಗಿನಿಂದ ಬಂದದ್ದು ಪ್ಲಾಸ್ಟಿಕ್ಕಿನದಲ್ಲ. ಎಣ್ಣೆ ಹಚ್ಚಿದ ತಲೆ ಬಿಸಿಲಲ್ಲಿ ಬೆವರಿದ ವಾಸನೆ.

ಅಚ್ಚು ಹೊಸದಿದ್ದಾಗ ಒತ್ತಿದ್ದೋ, ಸವೆದ ಮೇಲೆ ಒತ್ತಿದ್ದೋ? ತಿಳಿಯಲು ಇರುವುದು ಒಂದೇ ದಾರಿ. ಗಮ್ ಹಾಕದೆ ಭಾಗಗಳನ್ನು ಸುಮ್ಮನೆ ಕೂಡಿಸಬೇಕು. ಸಂದು ಬಿಡದೆ ಕೂತರೆ ಅಚ್ಚು ಹೊಸದಿದ್ದಾಗಿನದು. ಸಂಗ್ರಹಕಾರರೆಲ್ಲ ಮಾಡುತ್ತಾರೆ. ಗಮ್ ಬೀಳದ ಮೇಲೆ ಅದು ಜೋಡಿಸಿದ ಲೆಕ್ಕವಲ್ಲ. ಅವರ ಲೋಕದಲ್ಲಿ ಅದೇ ಕಾನೂನು. ಮಾಟಕ್ಕೆ ಆ ಕಾನೂನು ಗೊತ್ತಿರಲಿಲ್ಲ.

ಬಾಲ ಕೂತಿತು. ಅವನ ಪಾದಗಳು ಜುಮ್ಮೆಂದವು. ಕೂತು ಕೂತು ಹಿಡಿದಿರಬೇಕು ಎಂದುಕೊಂಡ. ರೆಕ್ಕೆ ಕೂತಿತು. ತೋಳುಗಳು ತಣ್ಣಗಾದವು. ಪೈಲಟ್ ಗೊಂಬೆ ಬೆರಳಿಗೆ ಬೆಚ್ಚಗೆ ತಾಕಿತು. ಅದನ್ನು ಸೀಟಿನಲ್ಲಿಟ್ಟ. ವಿಮಾನದ ಮೈಯ ಎರಡು ಹೋಳುಗಳನ್ನು ಕೂಡಿಸಿದ. ಕೂದಲಿನಷ್ಟೂ ಸಂದಿಲ್ಲ.

ಕಟಕ್.

ಉಸಿರು ಎಳೆದ. ಬರಲಿಲ್ಲ. ಕಣ್ಣು ಮುಚ್ಚಲು ನೋಡಿದ. ರೆಪ್ಪೆಯಿಲ್ಲ. ಎದುರಿಗೆ ಮಂಜು ಮಂಜಾದ ಗಾಜು. ಗಾಜಿನಾಚೆ ಮನೆಯಷ್ಟು ದೊಡ್ಡದೊಂದು ಮುಖ. ಅವನದೇ ಮುಖ. ಅದು ಅಳುತ್ತಿತ್ತು. ಅವನು ಅಳುತ್ತಿರಲಿಲ್ಲ.

ಆ ಮೈ ಎದ್ದಿತು. ವಿಮಾನವನ್ನು ಎದೆಗೆ ಒತ್ತಿಕೊಂಡು ಅಡುಗೆಮನೆಗೆ ನಡೆಯಿತು. "ಅಮ್ಮೀ. ಹಸಿವು ಅಮ್ಮೀ."

"ರೀ, ಸಾಕು," ರಮ್ಯಾ ಹಾಲಿನಿಂದ ಕಣ್ಣು ತೆಗೆಯದೆ ಗದರಿದಳು. "ಪಾಪದ ಹೆಂಗಸಿನ ಮುಂದೆ ನಿಮ್ಮ ಮಿಮಿಕ್ರಿ ಬೇಡ."

"ಯಾರು ಅಕ್ಕ ನೀವು?"

ಅವಳು ತಿರುಗಿದಳು. ಗಂಡನ ಕೈ ಎಡಗಿವಿಯನ್ನು ಸವರುತ್ತಿತ್ತು, ಏನೋ ಹರಿದದ್ದನ್ನು ಹುಡುಕುವಂತೆ. ಹಾಲು ಉಕ್ಕಿ ಒಲೆ ಆರಿತು.

ನಮಾಜು ಮುಗಿಸಿ ಬಂದ ನೂರ್ಜಹಾನ್ ಬಾಗಿಲಲ್ಲೇ ನಿಂತರು. ಕತ್ತಲಲ್ಲಿ ಕೈಯಾಡಿಸಿ ಆ ಕೆನ್ನೆ ಮುಟ್ಟಿದರು. ಅನಂತರಾಜು ಗಾಜಿನೊಳಗಿನಿಂದ ಕೂಗಿದ. ಬಾಯಿ ಬರೀ ಗೆರೆಯಾಗಿತ್ತು.

ರಮ್ಯಾ ನೆಲಕ್ಕೆ ಕುಸಿದು ಅವರ ಕಾಲು ಹಿಡಿದಳು. "ನನ್ನ ಗಂಡನ್ನ ಕೊಟ್ಬಿಡಿ ಅಮ್ಮ."

"ಅಮ್ಮೀ, ಅಲ್ಲಿ ನನ್ನ ಗಮ್ ಐತಲ್ಲ," ಎಂದ ಸಮದ್. "ಒಂದು ತೊಟ್ಟು ಹಾಕ್ಬುಡು. ಮತ್ತೆ ಒಳಗೆ ಹೋಗಲ್ಲ. ಕತ್ತಲೆ ಅಮ್ಮೀ ಅಲ್ಲಿ."

ಗಮ್ ಹಾಕಿರಲಿಲ್ಲ. ಬಿಚ್ಚಬಹುದಿತ್ತು. ನೂರ್ಜಹಾನ್ ಕೈ ಚಾಚಿದರು.

"ವಿಮಾನ ಇಲ್ಲಿ ಕೊಡು ಬೇಟಾ. ಕೈ ತೊಳ್ಕೊ, ಉಣ್ಣು ಮೊದ್ಲು." ಆಮೇಲೆ ರಮ್ಯಾಳಿಗೆ, ಪಿಸುದನಿಯಲ್ಲಿ: "ಒಸಿ ಹೊತ್ತು ಕೊಡವ್ವ. ಉಂಡ್ಕಳ್ಲಿ."

ತಟ್ಟೆಗೆ ಅನ್ನ ಹಾಕಿ ಬೇಳೆ ಕಲಸಿದರು. ವಿಮಾನ ಸೆರಗಿನ ಕೆಳಗೆ ಮರೆಯಾಯಿತು. ಅನಂತರಾಜುವಿಗೆ ಪೂರ್ತಿ ಕತ್ತಲು. ತುತ್ತು ಕೊಡುವ ಸದ್ದು, ಅಗಿಯುವ ಸದ್ದು. "ಉಪ್ಪು ಸರಿ ಐತಾ?" "ಐತೆ ಅಮ್ಮೀ." ನೂರ್ಜಹಾನರ ಬಲಗೈ ಉಣಿಸುತ್ತಿತ್ತು. ಎಡಗೈ ಬಾಲ ಹಿಡಿದು ಎಳೆಯಿತು. ಅವನ ಕಾಲು ಕಿತ್ತ ಹಾಗಾಯಿತು. ಇನ್ನೊಂದು ತುತ್ತು. ಬಲ ರೆಕ್ಕೆ. ಇನ್ನೊಂದು ತುತ್ತು. ಎಡ ರೆಕ್ಕೆ ಸಿಕ್ಕಿಕೊಂಡಿತು. ಎಳೆದರು. ಚಿಟ್ ಎಂದು ಏನೋ ಮುರಿಯಿತು.

"ಅಮ್ಮೀ, ನನ್ನ ಕಾಲು... ಅಮ್ಮೀ, ಏನ್ ಮಾಡ್ತಾ ಇದ್ದೀಯ?"

"ತಿನ್ನು ಬೇಟಾ."

"ಅಮ್ಮೀ ಬೇಡ."

"ಇದೊಂದು ತುತ್ತು. ಬಾಯಿ ತೆಗಿ."

ಬಾಯಿ ತೆರೆಯಿತು. ಹೋಳುಗಳು ಬೇರೆಯಾದವು.

ಅನಂತರಾಜು ಕೆಮ್ಮಿ ಕಣ್ಣು ಬಿಟ್ಟ. ಬಾಯಿ ತುಂಬ ಅನ್ನ. ಹೊಟ್ಟೆ ತುಂಬಿತ್ತು. ಎಡಗೈ ಭುಜದಿಂದ ಜೋತುಬಿದ್ದಿತ್ತು; ಅದು ಮತ್ತೆಂದೂ ಮೇಲೇಳಲಿಲ್ಲ.

ರಮ್ಯಾ ಅವನನ್ನು ಹಿಡಿದುಕೊಂಡು ಹೊಸಿಲು ದಾಟಿಸಿದಳು. ಕರೆಂಟು ಬಂತು. ಅವಳು ಒಮ್ಮೆ ಹಿಂತಿರುಗಿ ನೋಡಿದಳು. ನೂರ್ಜಹಾನ್ ಇವರ ಕಡೆ ನೋಡುತ್ತಿರಲಿಲ್ಲ. ಆ ತಟ್ಟೆಯನ್ನು ತಮ್ಮತ್ತ ಎಳೆದುಕೊಂಡು, ಮಗ ಉಂಡು ಉಳಿಸಿದ್ದ ಅನ್ನವನ್ನು ಒಂದು ಅಗುಳೂ ಬಿಡದೆ ಉಣ್ಣುತ್ತಿದ್ದರು.