ಎರವಲು ಕೆಮ್ಮು

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಬಾಟಲಿ ಕಾರ್ಖಾನೆಯ ಮ್ಯಾನೇಜರ್ ಠಾಣೆಗೆ ಬಂದು, ಕೂರುವ ಮೊದಲೇ ದೂರು ಶುರುಮಾಡಿದರು. ಕುಲುಮೆಯಲ್ಲಿ ದುಡಿಯುವ ಆಳೊಬ್ಬ ಎದೆ ಕಾಯಿಲೆಯೆಂದು ವಾರದ ರಜೆ ಪಡೆದು, ಅದೇ ವಾರ ಏಣಿ ಹತ್ತಿ ಭಾವನ ಮನೆಗೆ ಬಣ್ಣ ಬಳಿಯುತ್ತಿದ್ದನಂತೆ.

"ಸರ್ಟಿಫಿಕೇಟ್ ಖೋಟಾ ಸಾರ್. ಬೇರೆ ಮಾತೇ ಇಲ್ಲ."

ಇನ್ಸ್‌ಪೆಕ್ಟರ್ ನಿಯಮ ಕೇಳಿ ತಿಳಿದುಕೊಂಡರು. ಹುಷಾರಿಲ್ಲದವನು ಪಾಳಿಗೆ ಮೊದಲೇ ಫೋನ್ ಮಾಡಬೇಕು. ಎರಡು ದಿನ ದಾಟಿದರೆ ಕಂಪನಿ ದವಾಖಾನೆಯ ಸರ್ಟಿಫಿಕೇಟ್ ತರಬೇಕು. ಸಂಬಳದ ರಜೆ, ಪುಕ್ಕಟೆ ಔಷಧಿ ಎರಡೂ ಕಾಯಂ ನೌಕರರಿಗೆ ಮಾತ್ರ.

ಎಫ್‌ಐಆರ್ ಬರೆದವರು ದಫೇದಾರರು. ಸೊಂಟನೋವೆಂದು ಅವರೇ ಕೊಟ್ಟ ರಜೆ ಅರ್ಜಿ ಇನ್ಸ್‌ಪೆಕ್ಟರ ಮೇಜಿನ ಮೇಲೆ ಧೂಳು ತಿನ್ನುತ್ತಿತ್ತು. ಬರೆಯುವಾಗ ಅವರು ಸೊಂಟ ಹಿಡಿದುಕೊಂಡದ್ದು ಕೊಂಚ ಜಾಸ್ತಿಯೇ ಆಯಿತು.

ಖೋಟಾ ಎಂಬ ಮಾತು ದವಾಖಾನೆಯಲ್ಲೇ ಬಿದ್ದುಹೋಯಿತು.

"ಸಹಿ ನನ್ನದೇ," ಎಂದರು ಡಾಕ್ಟರಮ್ಮ. "ಎದೆ ಪರೀಕ್ಷೆ ಮಾಡಿಯೇ ಬರೆದದ್ದು. ಆತ ಏಣಿ ಹತ್ತೋದಿರಲಿ, ಈ ಮಂಚ ಹತ್ತೋಕೇ ಏದುಸಿರು ಬಿಡ್ತಿದ್ದ."

ಸರ್ಟಿಫಿಕೇಟೂ ನಿಜ, ಏಣಿಯೂ ನಿಜ. ಇಂಥದ್ದು ಸಿಕ್ಕರೆ ಇನ್ಸ್‌ಪೆಕ್ಟರಿಗೆ ಊಟ ರುಚಿಸುವುದಿಲ್ಲ. ಮಧ್ಯಾಹ್ನವೇ ಆಳನ್ನು ಕರೆತಂದು ಡಾಕ್ಟರಮ್ಮನ ಮುಂದೆ ಕೂರಿಸಿದರು. ಆಸಾಮಿ ಗುಂಡುಕಲ್ಲಿನ ಹಾಗಿದ್ದ. ಡಾಕ್ಟರಮ್ಮ ಅವನ ಎದೆಗೆ ಸ್ಟೆತಸ್ಕೋಪ್ ಇಟ್ಟು ತಲೆಯಾಡಿಸಿದರು.

"ಈ ಎದೆ ಅಲ್ಲ."

"ಮುಖ ನೆನಪಿಲ್ವಾ ಮೇಡಂ?"

"ದಿನಕ್ಕೆ ನೂರು ಮುಖ. ನೌಕರರು ತರೋ ದವಾಖಾನೆ ಕಾರ್ಡಲ್ಲಿ ಫೋಟೋನೂ ಇರಲ್ಲ." ಆಮೇಲೆ ಅವರ ದನಿ ಇಳಿಯಿತು. "ಆದ್ರೆ ಅದೇ ಸದ್ದು ಇನ್ನೂ ನಾಲ್ಕೈದು ಜನರ ಎದೇಲಿ ಕೇಳಿದೀನಿ. ಗಾಜಿನ ಧೂಳು, ಎಲ್ಲರಿಗೂ ಒಂದೇ ಥರ ಆಗಿದೆ ಅಂದ್ಕೊಂಡಿದ್ದೆ."

"ಹೆಸರು ಐದಾರು, ಎದೆ ಒಂದೇ," ಎಂದರು ಇನ್ಸ್‌ಪೆಕ್ಟರ್.

ಪಂಚರ ಸಮಕ್ಷಮ ಆಳಿನ ಮನೆ ಜಾಲಾಡಿ ಪಂಚನಾಮೆ ಮಾಡಿದರು. ಬಣ್ಣದ ಡಬ್ಬಿಗಳು ಸಿಕ್ಕವು, ಔಷಧಿಯ ಒಂದು ಖಾಲಿ ಬಾಟಲಿಯೂ ಸಿಗಲಿಲ್ಲ.

"ದವಾಖಾನೆ ಔಷಧಿ ಎಲ್ಲಿ?"

"ಕುಡಿದೆ."

"ಬಾಟಲಿ?"

ಆಳು ಬಣ್ಣದ ಡಬ್ಬಿಗಳನ್ನು ಒಂದೊಂದಾಗಿ ಎತ್ತಿ ನೋಡತೊಡಗಿದ. ಔಷಧಿಯನ್ನು ಕುಡಿಯುವವನು ಬೇರೆಲ್ಲೋ ಇದ್ದಾನೆ, ಮುಗಿದರೆ ಮತ್ತೆ ಬಂದೇ ಬರುತ್ತಾನೆ ಎಂದು ಇನ್ಸ್‌ಪೆಕ್ಟರ್ ಲೆಕ್ಕ ಹಾಕಿದರು. ದಫೇದಾರರನ್ನು ರೋಗಿಯ ವೇಷದಲ್ಲಿ ದವಾಖಾನೆ ಬೆಂಚಿನ ಮೇಲೆ ಕೂರಿಸಿದರು. ಅವರ ಸೊಂಟ ಇಲಾಖೆಗೆ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಗುರುವಾರ ಡಾಕ್ಟರಮ್ಮ ಒಬ್ಬನ ಎದೆ ಕೇಳುತ್ತಲೇ ಬಾಗಿಲ ಕಡೆ ಸನ್ನೆ ಮಾಡಿದರು. ಹೊರಗೆ ಕಾದಿದ್ದ ಇನ್ಸ್‌ಪೆಕ್ಟರ್ ಒಳಬಂದಾಗ ಕಡ್ಡಿಯಂಥ ಮನುಷ್ಯ ಅಂಗಿ ಗುಂಡಿ ಹಾಕಿಕೊಳ್ಳುತ್ತಿದ್ದ.

"ಹೆಸರು?"

ಕಾರ್ಡಿನಲ್ಲಿದ್ದ, ಇನ್ನೊಬ್ಬ ಕಾಯಂ ನೌಕರನ ಹೆಸರು ಹೇಳಿದ.

"ನಿನ್ನ ಹೆಸರು ಕೇಳಿದ್ದು."

ಆತ ಗೋಡೆ ಹಿಡಿದು ಉಸಿರು ಕೂಡಿಸಿಕೊಂಡು ತನ್ನ ಹೆಸರು ಹೇಳಿದ. ಅದೇ ಕಾರ್ಖಾನೆಯಲ್ಲಿ ಒಡೆದ ಗಾಜು ಗುಡಿಸುವವನು. ಮೆಟ್ಟಿಲು ಹತ್ತುವಾಗ ಎದೆ ಸದ್ದು ಮಾಡುತ್ತದೆಂದು ಎಲ್ಲರೂ 'ಪೀಪಿ' ಎಂದು ಕರೆಯುತ್ತಿದ್ದರು.

"ಎಷ್ಟು ದುಡ್ಡು ತಗೋತಿದ್ದೆ?"

"ದುಡ್ಡಿಲ್ಲ ಸಾರ್. ರಜೆ ಅವರಿಗೆ, ಔಷಧಿ ನನಗೆ."

"ನಿನ್ನ ಹೆಸರಲ್ಲೇ ತೋರಿಸ್ಕೊಳ್ಳೋಕೆ ಏನು ಧಾಡಿ?"

"ನಾನು ಕಂತ್ರಾಟಿನವನು. ಹುಷಾರಿಲ್ಲ ಅಂತ ಫೋನ್ ಮಾಡಿದ್ರೆ ನಾಳೆಯಿಂದ ಬೇರೆಯವನು ಗುಡಿಸ್ತಾನೆ. ಔಷಧಿ ಇಲ್ದಿದ್ರೆ ರಾತ್ರಿ ಉಸಿರು ಸಿಗಲ್ಲ. ಕೆಮ್ಮು ನನ್ನದೇ ಸಾರ್, ಕಾರ್ಡ್ ಮಾತ್ರ ನನ್ನದಲ್ಲ."

ಇನ್ಸ್‌ಪೆಕ್ಟರ್ ಅವನನ್ನು ಬೆಂಚಿನ ಮೇಲೆ ಕೂರಿಸಿ ನೀರು ಕೊಡಿಸಿದರು. ಆದರೆ ಮೋಸ ಮೋಸವೇ. ದೂರಿನಲ್ಲಿ ಹೆಸರಿದ್ದ ಕುಲುಮೆಯ ಆಳನ್ನೂ ಪೀಪಿಯನ್ನೂ ಸಂಜೆ ಬಂಧಿಸಿದರು.

ಬಂಧಿತರನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸುವ ಮೊದಲು ವೈದ್ಯರಿಗೆ ತೋರಿಸಬೇಕೆಂಬುದು ನಿಯಮ. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಪೀಪಿಯ ಎದೆಯನ್ನು ಬಹಳ ಹೊತ್ತು ಕೇಳಿ ಬರೆದರು: ಶ್ವಾಸಕೋಶಕ್ಕೆ ತೀವ್ರ ಹಾನಿ, ಕೂಡಲೇ ಚಿಕಿತ್ಸೆ, ಪೂರ್ಣ ವಿಶ್ರಾಂತಿ.

"ಸಾರ್, ಒಂದು ಸಲ ನೋಡ್ಲಾ?"

ಪೀಪಿ ಕಾಗದವನ್ನು ಬೆಳಕಿಗೆ ಹಿಡಿದು ಮೇಲಿನ ಸಾಲಿನ ಮೇಲೆ ಬೆರಳಿಟ್ಟ.

"ನನ್ನ ಹೆಸರೇ ಬರೆದಿದಾರೆ."

"ಒಂದು ಪ್ರತಿ ನಿನಗೂ ಕೊಡ್ತಾರೆ," ಎಂದರು ಇನ್ಸ್‌ಪೆಕ್ಟರ್.

ಪ್ರತಿ ಕೈಗೆ ಬಂದಾಗ ಆತ ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. ಜೀಪು ಹತ್ತುವ ಮುಂಚೆ ತಿರುಗಿ ಕೇಳಿದ:

"ಇದನ್ನ ತೋರಿಸಿದ್ರೆ ಕಾರ್ಖಾನೇಲಿ ರಜೆ ಕೊಡ್ತಾರಾ ಸಾರ್?"