ಹುಕ್ಕೇರಿ ಬಸ್ಸಿನಲ್ಲಿ ಹೇಳಿದ ಮಾತು

"ಲೈಬ್ರರಿ ಪುಸ್ತಕದಾಗ ಬರದವ್ರು ನೀವ ಏನ್ರಿ?"

ಆರತಿಯ ದನಿಗೆ, ಕೌಂಟರಿನ ಆಚೆ ನಿಂತಿದ್ದ ಸಮ್ಮೇದ ಮೊದಲು ಪುಸ್ತಕವನ್ನು ನೋಡಿದ, ಆಮೇಲೆ ಅವಳನ್ನು. ಮಹಾಯುದ್ಧದ ನಂತರ ಬಂದ ಎರಡು ಇಂಜಿನ್ನಿನ ವಿಮಾನಗಳ ಮೇಲಿನ ದಪ್ಪ ಪುಸ್ತಕ. ಏವ್ರೊ ವಿಮಾನದ ಪುಟದಲ್ಲಿ, ಮೇಲೇಳಲು ಬೇಕಾದ ರನ್‌ವೇ ಉದ್ದದ ಪಕ್ಕ ಪೆನ್ಸಿಲ್ಲಿನ ಸಾಲು: 'ಏಪ್ರಿಲ್ ಬಿಸಿಲಿನಲ್ಲಿ ಇಷ್ಟು ಸಾಲದು.'

"ಹೌದ್ರಿ, ನಾನ. ಪುಸ್ತಕದ ಲೆಕ್ಕ ಥಂಡಿ ದೇಶದ್ದು."

"ಅಳಸ್ರಿ."

ಅವನು ರಬ್ಬರ್ ಕೇಳಿದ. ಕೊಡುವ ಮೊದಲು ಅವಳು ಆ ಸಾಲನ್ನು ಇನ್ನೊಮ್ಮೆ ಓದಿದಳು. ಅದನ್ನು ಕಂಡು ಅವನು ನಕ್ಕ.

ಅದು ೧೯೯೭. ಕೊಣ್ಣೂರಿನ ಸಮ್ಮೇದ ಹನ್ನೊಂದು ವರ್ಷ ಮೆಕ್ಯಾನಿಕ್ ಆಗಿದ್ದ ಸಣ್ಣ ವಿಮಾನ ಕಂಪನಿ ಮುಚ್ಚಿತ್ತು. ನಿಡಸೋಸಿಯ ಎಂಜಿನಿಯರಿಂಗ್ ಕಾಲೇಜಿನ ವರ್ಕ್‌ಶಾಪಿಗೆ ಸೇರಿ ತಿಂಗಳಾಗಿತ್ತು. ಅದೇ ಕಾಲೇಜಿನ ಲೈಬ್ರರಿ ನೋಡಿಕೊಳ್ಳುತ್ತಿದ್ದ ಆರತಿ ಹುಕ್ಕೇರಿಯ ಅರಿವೆ ವ್ಯಾಪಾರಿಯ ಮಗಳು. ಇಬ್ಬರದೂ ಜೈನ ಮನೆತನ, ಇಬ್ಬರಿಗೂ ಸಂಜೆ ಹುಕ್ಕೇರಿಯವರೆಗೆ ಒಂದೇ ಬಸ್ಸು.

ಬಸ್ಸಿನಲ್ಲಿ ಅವನು ಕಿಟಕಿಯನ್ನು ಅವಳಿಗೆ ಬಿಟ್ಟು, ಅವಳ ಎಡಕ್ಕೇ ಕೂರುತ್ತಿದ್ದ.

"ಯುದ್ಧ ಮುಗದ ಮ್ಯಾಲ ಮಿಲಿಟ್ರಿಯ ಡಕೋಟಾ ವಿಮಾನಗಳು ಮಂದೀನ್ನ ಹೊತ್ತು ಹಾರಿದ್ವು. ಅವು ಹಳೇವಾದ ಮ್ಯಾಲ ಅವುಗಳ ಜಾಗಾಕ್ಕಂತ ಏವ್ರೊ ಬಂತು. ಕಾನ್ಪುರದಾಗೂ ಕಟ್ಟಿದ್ರು."

"ನಮ್ಮ ಖಾನಾಪುರದಾಗ?"

"ಕಾನ್ಪುರ್ ರೀ. ಉತ್ತರ ಪ್ರದೇಶದ್ದು."

ಅವಳ ಕೆನ್ನೆ ಕೆಂಪಾಯಿತು. ಅವನು ನೋಡದವನಂತೆ ನೋಡಿದ.

"ಒಂದ ಇಂಜಿನ್ ನಿಂತ್ರ ಏನ್ ಮಾಡ್ತೀರಿ?"

"ನಿಂತ ಪಂಖಾದ ರೆಕ್ಕಿ ಗಾಳಿಗೆ ಅಡ್ಡ ಬರದಂಗ ತಿರುವಿ ಇಡತಾರ. ಇನ್ನೊಂದರ ಮ್ಯಾಲ ಹಾರತೈತಿ. ಏರೂದು ನಿಧಾನ ಆಗತೈತಿ, ಅಷ್ಟ."

ಹೇಳುತ್ತ ಅವನು ಅಂಗೈ ತಿರುಗಿಸಿ ತೋರಿಸುತ್ತಿದ್ದ. ಗ್ರೀಸ್ ಕಲೆ ಮಾಸದ ಆ ಬೆರಳುಗಳು ರಾತ್ರಿ ಓದುವಾಗಲೂ ಅವಳ ಕಣ್ಣ ಮುಂದೆ ಬರುತ್ತಿದ್ದವು.

ಮಾರ್ಗಶಿರದಲ್ಲಿ ಮೂಡಲಗಿಯಿಂದ ಆರತಿಗೆ ಸಂಬಂಧ ಬಂತು. ಮರುದಿನ ಬಸ್ಸು ತುಂಬಿತ್ತು. ಕಿಟಕಿಯ ಬಳಿ ಯಾರೋ ಅಜ್ಜ ಕುಳಿತಿದ್ದರು, ಸಮ್ಮೇದ ನಡುವೆ. ಆರತಿಗೆ ಅವನ ಎಡಕ್ಕೆ ತುದಿಯಲ್ಲಿ ಜಾಗ ಸಿಕ್ಕಿತು. ಇಂಜಿನ್ನಿನ ಗದ್ದಲದಲ್ಲಿ, ಮುಂದಿನ ಸೀಟಿನ ಕಂಬಿ ನೋಡುತ್ತ ಮೆಲ್ಲಗೆ ಹೇಳಿಬಿಟ್ಟಳು:

"ಮನ್ಯಾಗ ವರ ನೋಡ್ಯಾರ. ನನಗ ನೀವ ಬೇಕ್ರಿ. ಅಪ್ಪಾರ ಕಡೆ ಬಂದು ಕೇಳ್ತೀರೇನು?"

ಅವನು ಕಿಟಕಿಯಾಚೆ ಕಬ್ಬು ನೋಡುತ್ತಲೇ ಇದ್ದ. ಹುಕ್ಕೇರಿ ಬಂದಾಗ ಅವಳು ತಿರುಗಿ ನೋಡದೆ ಇಳಿದಳು. ಅಂದೇ ಮನೆಯಲ್ಲಿ ಹ್ಞೂಂ ಅಂದಳು. ಆ ವರನ ತಂಗಿಯೊಂದಿಗೆ ಅವಳ ತಮ್ಮನ ನಿಶ್ಚಯವೂ ಜೊತೆಗೇ ಆಯಿತು.

ಎರಡು ತಿಂಗಳು ಅವಳು ಬೇರೆ ಬಸ್ಸು ಹಿಡಿದಳು. ಅವಳು ರಾಜೀನಾಮೆ ಕೊಟ್ಟ ದಿನ ಮಧ್ಯಾಹ್ನ, ಯಾರೂ ಇಲ್ಲದ ಲೈಬ್ರರಿಗೆ ಸಮ್ಮೇದ ಬಂದ.

"ನನ್ನಿಂದ ಏನ್ ತಪ್ಪಾತ್ರಿ? ಮಾತ ಬಿಟ್ರಿ."

"ಬಸ್ಸಿನ್ಯಾಗ ಅಷ್ಟು ಕೇಳಿದ್ರೂ ಬಾಯಿ ಬಿಡಲಿಲ್ಲ ನೀವು."

"ಯಾವಾಗ್ರಿ?"

"ಕಿಟಕಿ ಕಡೆ ಅಜ್ಜ ಕುಂತಿದ್ರಲ್ಲ, ಅವತ್ತ. ನಾ ನಿಮ್ಮ ಎಡಕ ಇದ್ದೆ."

ಅವನು ಎಡಗಿವಿ ಮುಟ್ಟಿಕೊಂಡ.

"ಇದು ಕೇಳೂದಿಲ್ರಿ. ಏವ್ರೊದ ಇಂಜಿನ್ನಿನ ಶಿಳ್ಳಿ ಭಾಳ ಕೆಟ್ಟದ್ದು. ಹನ್ನೊಂದ ವರ್ಷ ಅದರ ಬಾಜೂಕ ನಿಂತೆ. ಹೇಳಿದ್ರ ಈ ನೌಕರಿನೂ ಹೋದೀತಂತ ಯಾರಿಗೂ ಹೇಳಲಿಲ್ಲ."

ಅವಳು ಸ್ಟೂಲು ಎಳೆದು ಕೂತಳು.

"ಏನ್ ಕೇಳಿದ್ರಿ ಅವತ್ತ?" ಎಂದ ಸಮ್ಮೇದ.

ಅವಳು ಎದ್ದು, ಕೌಂಟರ್ ಸುತ್ತಿ ಬಂದು ಅವನ ಬಲಕ್ಕೆ ನಿಂತು ಎಲ್ಲವನ್ನೂ ಹೇಳಿದಳು. ಅಪ್ಪನ ಬಳಿ ಬರುವ ಮಾತನ್ನೂ ಬಿಡಲಿಲ್ಲ.

"ಬರತಿದ್ದೆ," ಎಂದ ಅವನು. "ಅವತ್ತ ಸಂಜೀಕ ಬರತಿದ್ದೆ. ಈಗ ಬಂದ್ರ?"

"ನಂದು ಮುರದ್ರ ತಮ್ಮಂದೂ ಮುರೀತೈತಿ. ಅವ್ರಿಬ್ರೂ ಪತ್ರ ಬರಕೊಳ್ಳಾಕತ್ತಾರ. ಆ ಹುಡುಗಿ ನನಗ ಅಕ್ಕಾ ಅಂತಾಳ."

ಅವನು ವಾದ ಮಾಡಲಿಲ್ಲ. ವರ್ಕ್‌ಶಾಪಿನ ಗಂಟೆ ಹೊಡೆಯಿತು.

"ಇನ್ನೊಮ್ಮೆ ಹೇಳ್ರಿ. ನಡುವಿನ ಮಾತಷ್ಟ."

ಆರತಿ ಅವನ ತೋಳು ಹಿಡಿದು, ಕಿವಿಯ ಹತ್ತಿರ ಬಂದಳು.

"ನನಗ ನೀವ ಬೇಕ್ರಿ."

ಅವನು ಕಣ್ಣು ಮುಚ್ಚಿ ಕೇಳಿಸಿಕೊಂಡ. ಆಮೇಲೆ ತೋಳಿನ ಮೇಲಿದ್ದ ಅವಳ ಕೈಯನ್ನು ಮೆಲ್ಲಗೆ ಬಿಡಿಸಿ, ಮೆಟ್ಟಿಲಿಳಿದು ಹೋದ.